ಹೊರಗಿನವ ಬಂದು ನಮ್ಮ ಮಾತು ಕಲಿಯುವ ಕಾಮಿಡಿ: ಕಾಸರಗೋಡಿನಲ್ಲಿ ವೆಬ್ ಸರಣಿ ಮಾಡಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾ ಇರುವ ಫೋನು, ನಾಲ್ಕು ಗೆಳೆಯರು, ಒಂದು ಕತೆ. ಇಷ್ಟಿದ್ದರೆ ಈಗ ಸರಣಿ ಶುರುವಾಗುತ್ತದೆ. ನಮ್ಮ ಕಡೆಯ ಹುಡುಗ ಹುಡುಗಿಯರು ಬರೆದು ತರುವ ಕತೆಗಳಲ್ಲಿ ಒಂದು ಬಗೆ ಜಾಸ್ತಿ: ಎಲ್ಲಿಂದಲೋ ಬಂದವನೊಬ್ಬ ಇಲ್ಲಿಯ ಆಡುಮಾತು ಕಲಿಯಲು ಒದ್ದಾಡುವುದು. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ಥರದ ಸರಣಿಯಲ್ಲಿ ನಡೆಯುವುದೇನು?

ಒಬ್ಬ ಹೊಸ ಊರಿಗೆ ಬರುತ್ತಾನೆ. ಅವನಿಗೆ ಪುಸ್ತಕದ ಭಾಷೆ ಗೊತ್ತು, ಅಂಗಡಿ ಕಟ್ಟೆಯ ಭಾಷೆ ಗೊತ್ತಿಲ್ಲ. ಪ್ರತಿ ಎಪಿಸೋಡಿನಲ್ಲಿ ಒಂದೋ ಎರಡೋ ಮಾತು ಕಲಿಯುತ್ತಾನೆ, ತಪ್ಪು ಜಾಗದಲ್ಲಿ ಬಳಸುತ್ತಾನೆ, ಎಡವಟ್ಟಾಗುತ್ತದೆ. ಇಂಗ್ಲೆಂಡಿನವ ಆಸ್ಟ್ರೇಲಿಯಾಕ್ಕೆ ಹೋದರೂ ಇದೇ ಕತೆ, ಅಮೆರಿಕದವಳು ಕೊರಿಯಾಕ್ಕೆ ಹೋದರೂ ಇದೇ ಕತೆ. ಇಂಥ ಸರಣಿಗಳು ಬಹಳಷ್ಟು ಸಲ ಕೆಡುವುದು ಪದಪಟ್ಟಿಯಾದಾಗ. ಒಬ್ಬ ಒಂದು ಪದ ಹೇಳುತ್ತಾನೆ, ಇನ್ನೊಬ್ಬ ಕಣ್ಣು ಅಗಲಿಸುತ್ತಾನೆ, ಹಿಂದಿನಿಂದ ನಗುವಿನ ಸೌಂಡು. ಮೂರನೇ ಸಲಕ್ಕೆ ನೋಡುವವರಿಗೆ ಸಾಕಾಗುತ್ತದೆ. ಪದ ತಮಾಷೆಯಲ್ಲ. ಯಾರು ಯಾರಿಗೆ, ಯಾವ ಧೈರ್ಯದಲ್ಲಿ ಹೇಳಿದರು ಎನ್ನುವುದು ತಮಾಷೆ. ಮುಂದಿನ ಉತ್ತರಗಳೆಲ್ಲ ಇದರ ಸುತ್ತಲೇ ಇವೆ.

ಕಾಸರಗೋಡಿನಲ್ಲಿ ಮಾಡುವುದರಿಂದ ಏನು ವಿಶೇಷ?

ಬೇರೆ ಊರಲ್ಲಿ ಹೊರಗಿನವ ಒಂದು ಭಾಷೆಯ ಆಡುಮಾತು ಕಲಿತರೆ ಸಾಕು. ಇಲ್ಲಿ ಅವನು ಮೊದಲು, ಎದುರಿಗಿರುವವರು ಈಗ ಮಾತಾಡುತ್ತಿರುವುದು ಯಾವ ಭಾಷೆ ಎಂದೇ ಗುರುತಿಸಬೇಕು.

ಸಪ್ತಭಾಷಾ ಸಂಗಮ ಭೂಮಿ ಎಂದು ನಮ್ಮ ಪ್ರತಿ ಸಭೆಯ ಸ್ವಾಗತ ಭಾಷಣದಲ್ಲೂ ಬರುತ್ತದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಕರಾವಳಿ ಮುಸ್ಲಿಮರ ಬ್ಯಾರಿ, ಮರಾಠಿ, ಉರ್ದು ಎಂದು ಎಣಿಸುತ್ತಾರೆ. ಹವ್ಯಕ, ಕರಾಡ ಬ್ರಾಹ್ಮಣರ ಮನೆಮಾತುಗಳನ್ನು ಸೇರಿಸಿದರೆ ಏಳು ದಾಟುತ್ತದೆ, ಆದರೆ ಭಾಷಣ ಏಳಕ್ಕೇ ನಿಲ್ಲುತ್ತದೆ. 1956ರ ನವೆಂಬರ್ 1ರವರೆಗೆ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳ. ಅಲ್ಲಿಯೂ ಬಹುಕಾಲ ಕಣ್ಣೂರು ಜಿಲ್ಲೆಯಲ್ಲಿತ್ತು, 1984ರ ಮೇ 24ರಂದು ಸ್ವಂತ ಜಿಲ್ಲೆಯಾಯಿತು. ಹೀಗಾಗಿ ಕಚೇರಿಯ ಭಾಷೆ ಒಂದು, ಶಾಲೆಯದ್ದು ಇನ್ನೊಂದು, ಮನೆಯದ್ದು ಮತ್ತೊಂದು. ಬದಿಯಡ್ಕದ ಒಂದು ಜೀನಸಿನ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಅಂಗಡಿಯವರು ಅಡಿಕೆ ತಂದವರ ಹತ್ತಿರ ಹವ್ಯಕದಲ್ಲಿ, ಲೋಡು ಇಳಿಸುವವರ ಹತ್ತಿರ ತುಳುವಿನಲ್ಲಿ, ವ್ಯಾನಿನವನ ಹತ್ತಿರ ಮಲಯಾಳದಲ್ಲಿ ಮಾತಾಡುತ್ತಾರೆ. ಲೆಕ್ಕ ಬರೆಯುವುದು ಕನ್ನಡದಲ್ಲಿ. ಭಾಷೆ ಬದಲಾಯಿಸಿದ್ದು ಅವರ ಗಮನಕ್ಕೇ ಬಂದಿರುವುದಿಲ್ಲ. ನಿಮ್ಮ ಹೊರಗಿನವನನ್ನು ಆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿ, ಮೊದಲ ಎಪಿಸೋಡ್ ಆಯಿತು.

ಹೊರಗಿನವ ಯಾರಾದರೆ ಚೆನ್ನ?

ಎಲ್ಲರೂ ಮೊದಲು ಯೋಚಿಸುವುದು ಬಿಳಿಯ ಪ್ರವಾಸಿಯನ್ನು. ಬೇಕಲ ಕೋಟೆ ನೋಡಲು ಬಂದವ, ಟೋಪಿ, ಕ್ಯಾಮೆರಾ. ದಯವಿಟ್ಟು ಬೇಡ. ಅವನಿಗೆ ಏನೂ ಗೊತ್ತಿಲ್ಲ. ಏನೂ ಗೊತ್ತಿಲ್ಲದವನ ತಪ್ಪಿಗೆ ಯಾರು ಎಷ್ಟು ಹೊತ್ತು ನಗುತ್ತಾರೆ? ಎಲ್ಲ ಗೊತ್ತಿದೆ ಅಂದುಕೊಂಡವ ಬೇಕು.

ಕನ್ನಡ ಓದುಗರಿಗೆ, ನೋಡುಗರಿಗೆ ಬೆಂಗಳೂರಿನ ಹುಡುಗನೇ ಸರಿ. ಅವನಿಗೆ ಕನ್ನಡ ಬರುತ್ತದೆ. 'ನಂಗ್ಯಾಕೆ ಕಷ್ಟ, ಅಲ್ಲೂ ಕನ್ನಡ ತಾನೇ' ಎಂದುಕೊಂಡೇ ಗಡಿಯ ತಲಪಾಡಿ ದಾಟುತ್ತಾನೆ. ಆ ಆತ್ಮವಿಶ್ವಾಸವೇ ನಿಮ್ಮ ಬಂಡವಾಳ.

ಮಲಯಾಳದ ಕಡೆಯಿಂದ ನೋಡಿದರೆ ತಿರುವನಂತಪುರದ ಅಧಿಕಾರಿಯೂ ಇದೇ ಥರ. ಇನ್ನು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಉತ್ತರದಿಂದ ಬಂದ ವಿದ್ಯಾರ್ಥಿ ಇದ್ದಾಳೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ವರ್ಗವಾಗಿ ಬಂದ ವಿಜ್ಞಾನಿ ಇದ್ದಾನೆ. ತೆಂಗಿನ ಬಗ್ಗೆ ಎಲ್ಲ ಗೊತ್ತು, ತೆಂಗಿನಕಾಯಿ ಕೀಳುವವರ ಹತ್ತಿರ ಮಾತಾಡಲು ಬರುವುದಿಲ್ಲ. ಒಳ್ಳೆಯ ಪಾತ್ರ ಅಲ್ವಾ? ಆದರೆ ಯಾರೂ ಸರಿಯಾಗಿ ಬಳಸದ ಪಾತ್ರ ಒಂದಿದೆ: ಗಲ್ಫಿನಲ್ಲೇ ಬೆಳೆದು ಅಜ್ಜಿಮನೆಗೆ ಬಂದ ಮಗು. ಹೆಸರು, ಮನೆತನ, ಮುಖ ಎಲ್ಲ ಇಲ್ಲಿಯದ್ದೇ. ಬಾಯಲ್ಲಿ ಮಾತ್ರ ಇಂಗ್ಲಿಷು, ಹಿಂದಿ. ಊರಿನವರು ಅದನ್ನು ಹೊರಗಿನವಳು ಎಂದು ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ.

ಯಾವ ಮಾತುಗಳಿಂದ ಶುರು ಮಾಡಬೇಕು?

ಎಲ್ಲರ ಪಟ್ಟಿಯಲ್ಲೂ ಮಂಡೆ ಬೆಚ್ಚ (ತಲೆಬಿಸಿ), ಒಟ್ರಾಸಿ (ಅಡ್ಡಾದಿಡ್ಡಿ), ಲಗಾಡಿ (ಹಾಳು), ಪೊಕ್ಕಡೆ (ಸುಮ್ಮನೆ) ಇದ್ದೇ ಇರುತ್ತವೆ. ಇರಲಿ, ಚೆಂದದ ಮಾತುಗಳೇ. ಆದರೆ ಮಂಗಳೂರು ಕಡೆಯ ರೀಲುಗಳಲ್ಲಿ ಇವು ಸವೆದು ಹೋಗಿವೆ. ವಿಚಿತ್ರವಾಗಿ ಕೇಳಿಸುವ ಪದ ಬಂದ ಕೂಡಲೇ ಹೊರಗಿನವ ಎಚ್ಚರವಾಗುತ್ತಾನೆ, ಅರ್ಥ ಕೇಳುತ್ತಾನೆ. ಅಲ್ಲಿಗೆ ಕತೆ ಮುಗಿಯಿತು. ಅವನನ್ನು ನಿಜವಾಗಿ ಬೀಳಿಸುವುದು ಅವನಿಗೂ ಗೊತ್ತಿರುವ ಪದಗಳು.

'ಹೋಗುವ' ತೆಗೆದುಕೊಳ್ಳಿ. ನಾವು 'ಹೋಗೋಣ' ಎನ್ನುವುದಕ್ಕೆ 'ಹೋಗುವ' ಎನ್ನುತ್ತೇವೆ. ಬೆಂಗಳೂರಿನವನಿಗೆ ಅದು ಅರ್ಧ ವಾಕ್ಯ. 'ನಾವು ಹೋಗುವ' ಎಂದು ಹೇಳಿ ಎಲ್ಲರೂ ಎದ್ದು ನಡೆದರೆ ಇವನು ಕುಳಿತೇ ಇರುತ್ತಾನೆ, ಹೋಗುವ ಏನು ಎಂದು ಕಾಯುತ್ತಾ. ಬಸ್ಸೋ, ದಾರಿಯೋ, ಊರೋ?

'ಮತ್ತೆ ಬನ್ನಿ.' ಅಂಗಡಿಯವರು ಹೇಳಿದ್ದು 'ಆಮೇಲೆ ಬನ್ನಿ, ಈಗ ಪುರುಸೊತ್ತಿಲ್ಲ' ಎಂದು. ಅವನಿಗೆ ಕೇಳಿಸಿದ್ದು 'ಇನ್ನೊಮ್ಮೆ ಬನ್ನಿ' ಎಂಬ ಉಪಚಾರ. ಥ್ಯಾಂಕ್ಸ್ ಹೇಳಿ ಖಾಲಿ ಚೀಲದಲ್ಲಿ ವಾಪಸ್ ಹೋಗುತ್ತಾನೆ.

'ಆಗಬಹುದು.' ನಾವು ಒಪ್ಪಿಕೊಂಡಿದ್ದೇವೆ ಎಂದರ್ಥ. ಅವನು ಸಂಶಯ ಎಂದುಕೊಂಡು ಇನ್ನೊಬ್ಬ ಕೆಲಸದವನನ್ನೂ ಗೊತ್ತು ಮಾಡುತ್ತಾನೆ. ಮರುದಿನ ಬೆಳಿಗ್ಗೆ ಇಬ್ಬರೂ ಹಾಜರು.

'ನಾಳೆ ಫೋನ್ ಮಾಡು, ಆಯ್ತಾ' ಎಂದರೆ ಅವನು 'ಇನ್ನೂ ಆಗಿಲ್ಲ' ಎನ್ನುತ್ತಾನೆ. 'ಅವರು ಬರಲಿಕ್ಕಿಲ್ಲ' ಎಂದರೆ ಬಾರದೇ ಇರಬಹುದು ಎಂಬ ಅಂದಾಜು. ಅವನು ಖಡಾಖಂಡಿತ ಎಂದುಕೊಂಡು ಕುರ್ಚಿ ತೆಗೆಸುತ್ತಾನೆ, ಅಷ್ಟರಲ್ಲಿ ಅತಿಥಿ ಬಂದೇ ಬಿಡುತ್ತಾರೆ.

ಇವುಗಳಲ್ಲಿ ಯಾರೂ ದಡ್ಡರಲ್ಲ, ಯಾರೂ ಕಣ್ಣರಳಿಸಬೇಕಿಲ್ಲ. ಎರಡೂ ಕಡೆಯವರು ತಮ್ಮದು ಸರಿ ಎಂದೇ ಇರುತ್ತಾರೆ. ನಾಲ್ಕು ದೃಶ್ಯ ತನ್ನಷ್ಟಕ್ಕೇ ನಡೆಯುತ್ತದೆ.

'ಮಾರಾಯ' ಎಷ್ಟು ಸಲ ಹಾಕಬಹುದು?

ಕಡಿಮೆ. ಬೇರೆ ಊರಿನ ನಟರು ಕರಾವಳಿಯವರ ಪಾತ್ರ ಮಾಡಿದರೆ ವಾಕ್ಯಕ್ಕೊಂದು ಮಾರಾಯ ಹಾಕುತ್ತಾರೆ. ನಾವೂ ಅದನ್ನೇ ನೋಡಿ ಕಲಿಯಬೇಕಾ? ಅದಕ್ಕೊಂದು ಲೆಕ್ಕಾಚಾರ ಇದೆ. ಸಮವಯಸ್ಕನಿಗೆ ಮಾರಾಯ, ಗೆಳತಿಗೆ ಮಾರಾಯ್ತಿ, ಸ್ವಲ್ಪ ಗೌರವ ಬೇಕಾದಲ್ಲಿ ಮಾರಾಯ್ರೆ. ಹೆಡ್‌ಮಾಸ್ಟ್ರಿಗೆ ಹುಡುಗರು ಮಾರಾಯ ಎನ್ನುವುದಿಲ್ಲ. ಹೆಡ್‌ಮಾಸ್ಟ್ರು ಮಾತ್ರ ಗುಮಾಸ್ತರಿಗೆ ಎನ್ನಬಹುದು. ಹೊರಗಿನವ ಈ ಪದ ಒಂದೇ ದಿನದಲ್ಲಿ ಕಲಿತು, ಮೊದಲು ಪ್ರಯೋಗಿಸುವುದು ಮನೆಯ ಯಜಮಾನರ ಮೇಲೆ. ಆ ಮೌನವನ್ನು ಎಷ್ಟು ಹೊತ್ತು ಹಿಡಿಯುತ್ತೀರಿ ಎನ್ನುವುದು ನಿಮ್ಮ ಎಡಿಟರನ ಕೈಯಲ್ಲಿದೆ. 'ದಮ್ಮಯ್ಯ'ವೂ ಹೀಗೆಯೇ. ಅಂಗಲಾಚುವಾಗಲೂ ಬರುತ್ತದೆ, ಸುಮ್ನೆ ಬಿಟ್ಟುಬಿಡು ಎಂದು ಕೈ ಮುಗಿಯುವಾಗಲೂ ಬರುತ್ತದೆ. ಧ್ವನಿ ಬದಲಾದರೆ ಅರ್ಥ ತಿರುಗುತ್ತದೆ.

ಹವ್ಯಕ ಮಾತು ತಂದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಸರಿಯಾಗಿ ತಂದರೆ ಖುಷಿಪಡುತ್ತಾರೆ, ತಪ್ಪಾಗಿ ತಂದರೆ ಮಾತ್ರ ಬೇಜಾರು. ನಮ್ಮ ಕಡೆಯ ಹವ್ಯಕದಲ್ಲಿ ಹೆಂಗಸರ ಬಗ್ಗೆ ಹೇಳುವಾಗ ಕ್ರಿಯಾಪದ ನಪುಂಸಕಲಿಂಗದಲ್ಲಿರುತ್ತದೆ. 'ಅಕ್ಕ ಬಂತು' ಎನ್ನುವುದು ಅಗೌರವವಲ್ಲ, ಪ್ರೀತಿಯ ಮಾತೇ. ಹೊರಗಿನವನ ಕಿವಿಗೆ ಅದು ಬೈಗುಳದ ಹಾಗೆ ಬೀಳುತ್ತದೆ. ಇಷ್ಟು ಒಳ್ಳೆಯ ಮನೆಯಲ್ಲಿ ಹೆಂಗಸರನ್ನು ಹೀಗೆ ಕರೆಯುತ್ತಾರಲ್ಲ ಎಂದು ಅವನು ಒಳಗೊಳಗೇ ಸಿಟ್ಟಾಗಿ, ಒಂದು ದಿನ ಮನೆಯ ಅಕ್ಕನ ಪರ ವಹಿಸಿ ಜಗಳಕ್ಕೇ ನಿಂತರೆ? ಅಕ್ಕನಿಗೆ ಏನು ವಿಷಯ ಎಂದೇ ಅರ್ಥವಾಗದೆ ಅವನನ್ನೇ ಗದರುತ್ತಾಳೆ. ಇದನ್ನು ಪೂರ್ತಿ ಒಂದು ಎಪಿಸೋಡ್ ಮಾಡಬಹುದು.

'ಆಸರಿಂಗೆ ಎಂತ ಬೇಕು?' ಎನ್ನುವುದೂ ಬೇಕು. ಬಂದವರಿಗೆ ಕುಡಿಯಲು ಏನು ಕೊಡಲಿ ಎಂದು ಕೇಳುವುದು. ಪೇಟೆಯವ ಇದನ್ನು 'ಆಸರೆಗೆ' ಎಂದು ಕೇಳಿಸಿಕೊಂಡು, 'ರೂಮ್ ಆಗಲೇ ಸಿಕ್ಕಿದೆ' ಎಂದು ಉತ್ತರ ಕೊಡುತ್ತಾನೆ.

ಮಲಯಾಳ ಸಂಭಾಷಣೆ ಬರೆಸಲು ಕೊಚ್ಚಿಯ ಗೆಳೆಯನಿದ್ದಾನೆ. ಸಾಕಾಗುತ್ತದಾ?

ಸಾಕಾಗುವುದಿಲ್ಲ. ಕಾಸರಗೋಡು ಮಲಯಾಳ ಬೇರೆಯೇ. ಪುಸ್ತಕದ 'ವ' ನಮ್ಮಲ್ಲಿ 'ಬ' ಆಗುತ್ತದೆ. ವೆಳ್ಳಂ ಬೆಳ್ಳಂ ಆಗುತ್ತದೆ, ವಾ ಎನ್ನುವುದು ಬಾ ಆಗುತ್ತದೆ. ಅವನು, ಅವಳು ಎನ್ನುವುದಕ್ಕೆ ಓನ್, ಓಳ್. ತೆಂಕಣ ಕೇರಳದವರು ಇದನ್ನು ಕೇಳಿ ಕನ್ನಡವಾ ಎಂದು ಕೇಳುತ್ತಾರೆ. ಕನ್ನಡದವರಿಗೆ ಅದು ಶುದ್ಧ ಮಲಯಾಳ.

ಇಲ್ಲಿ ಪ್ರಸಿದ್ಧ ಗೊಂದಲ ಒಂದಿದೆ. 'ಚಾಡು' ಎಂದರೆ ತೆಂಕಣದವರಿಗೆ ಹಾರು. ಉತ್ತರ ಮಲಬಾರಿನಲ್ಲಿ ಬಿಸಾಡು. ಕೈಯಲ್ಲಿ ಹಾಳಾದ ಹಣ್ಣು ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತ ತಿರುವನಂತಪುರದ ಅಧಿಕಾರಿಗೆ ಯಾರೋ ಹಿಂದಿನಿಂದ 'ಚಾಡ್, ಚಾಡ್' ಎಂದು ಕೂಗಿದರೆ ಏನಾಗಬಹುದು, ನೀವೇ ಬರೆಯಿರಿ. ಇತ್ತೀಚೆಗೆ ಮಲಯಾಳ ಸಿನಿಮಾದವರು ಇಲ್ಲಿಯ ಜನರನ್ನೇ ಹಾಕಿಕೊಂಡು ಇಲ್ಲಿಯ ಮಾತಲ್ಲೇ ಸಿನಿಮಾ ಮಾಡಿ ಗೆದ್ದಿದ್ದಾರೆ. ನಾವು ಇನ್ನೂ ಗ್ರಂಥಭಾಷೆಯಲ್ಲಿ ಬರೆಸಿದರೆ ಹೇಗೆ?

ತುಳು, ಬ್ಯಾರಿ ಅಷ್ಟಾಗಿ ಬರುವುದಿಲ್ಲ. ಫೋನಿನಲ್ಲಿ ಅನುವಾದ ಮಾಡಿಕೊಂಡರೆ?

ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಬಂದದ್ದು 2024ರ ಜೂನಿನಲ್ಲಿ. ಬ್ಯಾರಿ, ಹವ್ಯಕ ಇಲ್ಲ. ಅನುವಾದದ ತುಳುವನ್ನು ಸಂಭಾಷಣೆಗೆ ಬಳಸಬೇಡಿ. ಪಾತ್ರದ ಕೈಗೆ ಕೊಡಿ. ಹೊರಗಿನವ ಫೋನು ನೋಡಿಕೊಂಡು ಮೀನಿನವಳ ಹತ್ತಿರ ಚೌಕಾಸಿ ಮಾಡಲಿ. ಅವಳು 'ಬಲೆ ಬಲೆ' ಎಂದು ಪ್ರೀತಿಯಿಂದ ಹತ್ತಿರ ಕರೆದರೆ ಇವನು 'ಬಲೆ ಬೇಡ, ಮೀನು ಸಾಕು' ಎನ್ನಲಿ.

ನಿಮ್ಮ ಬರವಣಿಗೆಗೆ ಮಾತ್ರ ಆ ಭಾಷೆ ಮನೆಮಾತಾಗಿರುವವರನ್ನೇ ಕೂರಿಸಿಕೊಳ್ಳಿ. ಸಾಲು ಬರೆದು ಕೊಟ್ಟು ತಿದ್ದಿಸಬೇಡಿ. ಸನ್ನಿವೇಶ ಹೇಳಿ, ನೀವಾದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿ ರೆಕಾರ್ಡ್ ಮಾಡಿ. ಬರೆದು ಕೊಟ್ಟರೆ ಎಲ್ಲರೂ ಪರೀಕ್ಷೆಗೆ ಕೂತವರಂತೆ ಶುದ್ಧ ಭಾಷೆ ಮಾತಾಡುತ್ತಾರೆ.

ಜಾತಿ, ಧರ್ಮದ ಮಾತಿನ ಧಾಟಿಯನ್ನು ಅನುಕರಿಸಿ ನಗಿಸಬಹುದಾ?

ಇದು ಕಷ್ಟದ ಪ್ರಶ್ನೆ. ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ಯಕ್ಷಗಾನದ ಹಾಸ್ಯಗಾರರು ತಲೆತಲಾಂತರದಿಂದ ಬೇರೆ ಬೇರೆ ಜನರ ಮಾತಿನ ಧಾಟಿ ಹಿಡಿದು ರಾತ್ರಿಯಿಡೀ ನಗಿಸಿದ್ದಾರೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಕತೆ ಹೇಳುವ ಪ್ರಸಂಗದ ಬಪ್ಪ ಬ್ಯಾರಿಯನ್ನು ನೋಡಿ. ಮುಸ್ಲಿಂ ವ್ಯಾಪಾರಿ. ಅವನ ಮಾತಿಗೆ ಜನ ಬಿದ್ದು ಬಿದ್ದು ನಗುತ್ತಾರೆ. ಆದರೆ ದೇವಿಯ ಗುಡಿ ಕಟ್ಟಿಸುವವನೂ ಅವನೇ. ಪಾತ್ರಕ್ಕೆ ಬುದ್ಧಿ ಇದೆ, ಘನತೆ ಇದೆ, ಕತೆ ಅವನಿಂದಲೇ ಮುಂದೆ ಹೋಗುತ್ತದೆ. ಮಾತಿನ ಧಾಟಿ ಅವನ ಒಂದು ಗುಣ, ಅವನ ಇಡೀ ಗುರುತಲ್ಲ.

ನಿಮ್ಮ ಸ್ಕ್ರಿಪ್ಟಿನಲ್ಲಿ ಬ್ಯಾರಿಯೋ ಭಟ್ಟರೋ ಮೀನುಗಾರರೋ ಬರೇ ಧಾಟಿಗಾಗಿ ಬಂದು ಹೋಗುತ್ತಿದ್ದರೆ ಆ ಪಾತ್ರ ತೆಗೆಯಿರಿ. ಇನ್ನೊಂದು ಪರೀಕ್ಷೆ ಇದೆ. ಆ ಮನೆಯ ಹಿರಿಯರ ಪಕ್ಕ ಕುಳಿತು ಆ ಎಪಿಸೋಡ್ ನೋಡುವ ಧೈರ್ಯ ನಿಮಗಿದೆಯಾ?

ತೆಯ್ಯಂ, ಭೂತಕೋಲದ ನುಡಿಗಟ್ಟು ಅನುಕರಿಸುವುದು ಬೇಡವೇ ಬೇಡ. ಅದು ಆಡುಮಾತಲ್ಲ, ದೈವದ ನುಡಿ.

ಕನ್ನಡ ಬಾರದ ಅಧಿಕಾರಿಯನ್ನು ಗೇಲಿ ಮಾಡಬಹುದಾ?

ಮಾಡಬಹುದು, ಮಾಡಬೇಕು ಕೂಡ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಮಕ್ಕಳು, ಹೆತ್ತವರು ಧರಣಿ ಕುಳಿತದ್ದು ಇಲ್ಲಿ ಒಂದು ಸಲದ ಕತೆಯಲ್ಲ. ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಇರುವುದು, ಊರ ಹೆಸರುಗಳು ಬೋರ್ಡಿನಲ್ಲಿ ರೂಪ ಬದಲಿಸುವುದು, ಎಲ್ಲ ನಮಗೆ ದಿನದ ಸಂಗತಿ. ಆದರೆ ಕೋಪವನ್ನೇ ತಂದು ಸಂಭಾಷಣೆ ಎಂದು ಕರೆದರೆ ಅದು ಭಾಷಣವಾಗುತ್ತದೆ. ವೇದಿಕೆಯಲ್ಲಿ ಅದಕ್ಕೆ ಚಪ್ಪಾಳೆ ಇದೆ, ಸರಣಿಯಲ್ಲಿ ಇಲ್ಲ.

ಒಂದು ಉಪಾಯ ಹೇಳುತ್ತೇನೆ. ಅಧಿಕಾರಿಯ ಪಕ್ಕದಲ್ಲಿ ಒಬ್ಬ ಬಂಗಾಳದ ಕೆಲಸಗಾರನನ್ನು ನಿಲ್ಲಿಸಿ. ಕೇರಳದ ಸಾಕ್ಷರತಾ ಮಿಷನ್ 2017ರಲ್ಲಿ 'ಚಙ್ಙಾತಿ' (ಗೆಳೆಯ) ಎಂಬ ಯೋಜನೆ ತಂದು, ಹೊರ ರಾಜ್ಯದ ಕೆಲಸಗಾರರಿಗೆ ಮಲಯಾಳ ಕಲಿಸಲು 'ಹಮಾರಿ ಮಲಯಾಳಂ' ಎಂಬ ಪಠ್ಯವನ್ನೇ ಮಾಡಿತು. ನಮ್ಮೂರಿಗೆ ಬಂದವನು ಆ ಪಠ್ಯ ಓದಿ ಬಂದರೆ ಇಲ್ಲಿ ಅದು ಅರ್ಧ ದಿನಕ್ಕೂ ಸಾಲುವುದಿಲ್ಲ. ಕಲ್ಲು ಕಟ್ಟುವ ಮೇಸ್ತ್ರಿ ತುಳು, ಮನೆಯವರು ಕನ್ನಡ, ಹೋಟೆಲಿನವರು ಬ್ಯಾರಿ. ಹೊಟ್ಟೆಪಾಡು ಅಲ್ವಾ, ಎಲ್ಲ ಕಲಿಯುತ್ತಾನೆ. ಅದೇ ಊರಿನಲ್ಲಿ ವರ್ಷಗಟ್ಟಲೆ ಇದ್ದ ಸಾಹೇಬರಿಗೆ ಒಂದು ವಾಕ್ಯ ಬರುವುದಿಲ್ಲ. ಕಚೇರಿಗೆ ಬಂದ ಅಜ್ಜನ ಕನ್ನಡವನ್ನು ಸಾಹೇಬರಿಗೆ ಅನುವಾದ ಮಾಡಿಕೊಡುವವನು ಫ್ಯಾನ್ ರಿಪೇರಿಗೆ ಬಂದಿದ್ದ ಬಂಗಾಳಿ ಹುಡುಗ. ಏಣಿಯ ಮೇಲೆ ನಿಂತುಕೊಂಡೇ. ಯಾರೂ ಯಾರನ್ನೂ ಬೈಯಲಿಲ್ಲ, ಹೇಳಬೇಕಾದ್ದು ಹೇಳಿ ಆಯಿತು.

ಹೊರಗಿನವರು ಬಂದು ನಮ್ಮ ಮಾತು ಕಲಿತ ನಿಜವಾದ ಉದಾಹರಣೆ ಇದೆಯಾ?

ಇದೆ, ಪಕ್ಕದಲ್ಲೇ. ಬಾಸೆಲ್ ಮಿಷನ್ನಿನ ಜರ್ಮನ್ನರು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಬಂದವು. ಮೂರೂ ಹೊರಬಂದದ್ದು ಮಂಗಳೂರಿನಿಂದಲೇ. ನಮ್ಮ ಜಿಲ್ಲೆಯ ಮೂರು ದೊಡ್ಡ ಭಾಷೆಗಳಿಗೆ ನಿಘಂಟು ಮಾಡಿಕೊಟ್ಟವರು ಹೊರಗಿನವರು ಎಂದಾಯಿತು. ಗಾದೆ, ಬೈಗುಳ, ಅಡುಗೆಮನೆಯ ಪದ ಎಲ್ಲ ಕೇಳಿ ಕೇಳಿ ಬರೆದುಕೊಳ್ಳುವಾಗ ಊರಿನವರು ಅವರಿಗೆ ಎಷ್ಟು ಸಲ ಬೇಕೆಂದೇ ತಪ್ಪು ಹೇಳಿ ನಕ್ಕಿರಬಹುದು! ಯಾರಾದರೂ ಇದನ್ನೇ ಹಳೇ ಕಾಲದ ಕಾಮಿಡಿ ಮಾಡಿದರೆ ನಾನಂತೂ ನೋಡುತ್ತೇನೆ.

ಬೈಗುಳ?

ಒಂದು ಸರಣಿಗೆ ಒಂದು. ಅದನ್ನೂ ಹೊರಗಿನವ ಅರ್ಥ ಗೊತ್ತಿಲ್ಲದೆ, ಹೊಗಳಿಕೆ ಎಂದುಕೊಂಡು ಹೇಳಬೇಕು.

ಸಬ್‌ಟೈಟಲ್ ಹೇಗೆ ಕೊಡುವುದು?

ಇದಕ್ಕೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ನಮ್ಮಂಥ ಊರಿನ ಸರಣಿಗೆ ಇದು ಅರ್ಧ ಜೀವ. ಒಂದೇ ದೃಶ್ಯದಲ್ಲಿ ಮೂರು ಭಾಷೆ ಇದ್ದರೆ ಧಾರವಾಡದ ನೋಡುಗನಿಗೆ ಭಾಷೆ ಬದಲಾದದ್ದೇ ತಿಳಿಯುವುದಿಲ್ಲ. ತಮಾಷೆ ಹೋಯಿತು. ಭಾಷೆಗೊಂದು ಬಣ್ಣ ಕೊಡಿ. ತುಳುವಿಗೆ ಹಳದಿ, ಮಲಯಾಳಕ್ಕೆ ಹಸಿರು, ಹೀಗೆ. ಅಂಗಡಿಯ ದೃಶ್ಯದಲ್ಲಿ ಬಣ್ಣ ಪಟಪಟನೆ ಬದಲಾಗುವುದೇ ನಗು ತರಿಸುತ್ತದೆ.

ಹೊರಗಿನವನಿಗೆ ಅರ್ಥವಾಗದ ಸಾಲಿಗೆ ಸಬ್‌ಟೈಟಲ್ ಕೊಡಬೇಕಾ? ಎರಡೂ ದಾರಿ ಇದೆ. ಕೊಟ್ಟರೆ ನೋಡುವವರು ಊರಿನವರ ಪಕ್ಷ, ಅವನ ಒದ್ದಾಟ ನೋಡಿ ನಗುತ್ತಾರೆ. ಕೊಡದಿದ್ದರೆ ಅವನ ಪಕ್ಷ, ಅವನ ಜೊತೆಗೇ ಕಂಗಾಲಾಗುತ್ತಾರೆ. ನನ್ನನ್ನು ಕೇಳಿದರೆ ಮೊದಲ ಎರಡು ಎಪಿಸೋಡಿನಲ್ಲಿ ಕೊಡಬೇಡಿ. ಅವನಿಗೆ ಮಾತು ತಿಳಿಯುತ್ತಾ ಬಂದಂತೆ ಸಬ್‌ಟೈಟಲ್ ಬರಲಿ, ಮೊದಲು ಅಲ್ಲೊಂದು ಇಲ್ಲೊಂದು ಪದ, ಆಮೇಲೆ ಪೂರ್ತಿ. ಕಂಸದಲ್ಲಿ ಅರ್ಥ ವಿವರಿಸುವ ಅಭ್ಯಾಸ ಮಾತ್ರ ಬಿಡಿ. ಅದು ಪಾಠಪುಸ್ತಕವಾಗುತ್ತದೆ.

ಶೂಟಿಂಗ್ ಎಲ್ಲಿ? ಅನುಮತಿ ಬೇಕಾ?

ಬೇಕಲ ಕೋಟೆ ಪುರಾತತ್ವ ಇಲಾಖೆಯದ್ದು. ಅಲ್ಲಿ ಸಿನಿಮಾ ಥರ ಚಿತ್ರೀಕರಣಕ್ಕೆ ಮೊದಲೇ ಅರ್ಜಿ, ಶುಲ್ಕ, ಅನುಮತಿ ಬೇಕು. ರೈಲ್ವೆ ಸ್ಟೇಷನ್ನಿಗೂ ಹಾಗೆಯೇ. ಅಷ್ಟೆಲ್ಲ ಬೇಡ ಎಂದರೆ ಅಡಿಕೆ ಒಣಹಾಕುವ ಅಂಗಳ, ಜೀನಸಿನ ಅಂಗಡಿ, ಹೋಟೆಲಿನ ಬೆಂಚು ಸಾಕು. ಮಾತಿನ ಕಾಮಿಡಿಗೆ ಕಡಲಿನ ಸೂರ್ಯಾಸ್ತ ಯಾಕೆ? ಹೆದ್ದಾರಿ 66ರ ಬದಿ ಬೇಡ, ಸೌಂಡು ಹಿಡಿಯುವುದು ಬಂಗ. ಜೂನ್‌ನಿಂದ ಸೆಪ್ಟೆಂಬರ್ ತನಕ ತಗಡಿನ ಮಾಡಿನ ಕೆಳಗೆ ಸಂಭಾಷಣೆ ಇಟ್ಟುಕೊಳ್ಳಲೇಬೇಡಿ. ಮಳೆಯ ಮುಂದೆ ಯಾವ ಮೈಕೂ ನಿಲ್ಲುವುದಿಲ್ಲ.

ದುಡ್ಡು ಬರುತ್ತದಾ?

ಬೇಗ ಬರುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಲು 1000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ನೋಟ ಬಂದಿರಬೇಕು. ಸಿನಿಮಾ ಹಾಡು ಹಿಂದೆ ಹಾಕಿದರೆ ಆ ದುಡ್ಡೂ ಹಾಡಿನ ಹಕ್ಕಿರುವವರಿಗೆ ಹೋಗಬಹುದು. ಊರಿನಲ್ಲಿ ಚೆಂಡೆ ಬಾರಿಸುವವರು ಇದ್ದಾರೆ, ಕೇಳಿ.

ಕೊನೆಯ ಎಪಿಸೋಡಿನಲ್ಲಿ ಅವನು ಎಲ್ಲ ಕಲಿತುಬಿಡಬೇಕಾ?

ಕಲಿತು, ಪೂರ್ತಿ ಊರಿನವನಾಗಿ, ಎಲ್ಲರೂ ತಬ್ಬಿಕೊಂಡು ಮುಗಿಸುವುದು ನನಗೆ ಹಿಡಿಸುವುದಿಲ್ಲ. ಅವನು ಕಲಿಯಲಿ, ಆದರೆ ಜಾಸ್ತಿ ಕಲಿಯಲಿ. ಬೆಂಗಳೂರಿಗೆ ವಾಪಸ್ ಹೋಗಿ ಆಫೀಸ್ ಮೀಟಿಂಗಿನಲ್ಲಿ 'ಆಗಬಹುದು' ಎನ್ನಲಿ, ಮ್ಯಾನೇಜರು 'ಆಗುತ್ತೋ ಇಲ್ವೋ ಹೇಳಿ' ಎನ್ನಲಿ. ಗೆಳೆಯರನ್ನು 'ಹೋಗುವ' ಎಂದು ಕರೆದು ಒಬ್ಬನೇ ಎದ್ದು ನಡೆಯಲಿ.

ಇತ್ತ ಅವನು ಇದ್ದ ಮನೆಯ ಅಜ್ಜಿ ಅಷ್ಟು ತಿಂಗಳಲ್ಲಿ 'ಸಖತ್', 'ಏನ್ ಗುರು' ಎಲ್ಲ ಹಿಡಿದುಕೊಂಡಿರುತ್ತಾಳೆ. ಪುರೋಹಿತರ ಎದುರು 'ಪೂಜೆ ಸಖತ್ತಾಯ್ತು ಗುರುಗಳೇ' ಎನ್ನುತ್ತಾಳೆ. ಎರಡನೇ ಸೀಸನ್ನಿಗೆ ಆ ಅಜ್ಜಿಯನ್ನು ಬೆಂಗಳೂರಿಗೆ ಕಳಿಸಿ.